ಕೆಂಚಮ್ಮನ ಅರ್ಧ ಮಾತು

ನಮ್ಮ ಊರಿನಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ತುಂಬಿಸುವುದಿಲ್ಲ. ಅಂಗಡಿಯ ಮುಂದೆ ನಿಂತವರು ‘ಕಾಲು ಕೆಜಿ...’ ಎಂದು ತಡೆದರೆ ಅಂಗಡಿಯಾತ ತಕ್ಕಡಿಯ ಮುಳ್ಳು ನೋಡುತ್ತ ನಿಲ್ಲುತ್ತಾನೆ, ತೊಗರಿಬೇಳೆಯಾ ಎಂದು ಕೇಳುವುದಿಲ್ಲ. ಉಗ್ಗುವ ವೀರಭದ್ರಣ್ಣ ಹೋಟೆಲಿಗೆ ಬಂದು ಖಾರಾಬಾತ್ ಹೇಳಿ ಮುಗಿಸುವಷ್ಟರಲ್ಲಿ ಅವನ ಹಿಂದೆ ನಿಂತವರು ಪೇಪರಿನ ಎರಡು ಪುಟ ಓದಿರುತ್ತಾರೆ. ಯಾರೂ ಗೊಣಗುವುದಿಲ್ಲ. ತುಂಬಿಸಿದ ಮಾತು ಹೇಳಹೊರಟವರದೇ ಆಗಿಬಿಡುತ್ತದೆ, ಆಮೇಲೆ ಬಿಟ್ಟುಹೋಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ನನ್ನ ದೊಡ್ಡಮ್ಮನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ ಅವಳು ‘ನನಗೆ ಈ ಸಂಬಂಧ...’ ಎಂದು ತಲೆ ತಗ್ಗಿಸಿದ್ದಳಂತೆ. ಬೇರೆ ಊರಿಂದ ಬಂದಿದ್ದ ದಲ್ಲಾಳಿ ‘ಒಪ್ಪಿಗೆ ತಾನೇ?’ ಎಂದುಬಿಟ್ಟ. ನಲವತ್ತೆರಡು ವರ್ಷದಿಂದ ದೊಡ್ಡಮ್ಮನಿಗೆ ಆ ಸಂಬಂಧ ಒಪ್ಪಿಗೆಯೇ. ದೊಡ್ಡಪ್ಪನ ಬಗ್ಗೆ ಒಂದು ಕೆಟ್ಟ ಮಾತು ಆಡಿದವಳಲ್ಲ. ಒಮ್ಮೊಮ್ಮೆ ಮಾತ್ರ, ಅಕ್ಕಿ ಆರಿಸುತ್ತ ಕೂತವಳು ಕೈ ನಿಲ್ಲಿಸಿ, ಕೋಣೆಯೊಳಕ್ಕೆ ಬಂದು ಬಂದ ಕೆಲಸ ಮರೆತವಳ ಹಾಗೆ ಸುತ್ತ ನೋಡುತ್ತಾಳೆ.

ಇಂಥ ಊರಿನಲ್ಲಿ ಮುಗಿಯದ ಮಾತುಗಳನ್ನು ಹೊತ್ತು ತಿರುಗುವವರು ಬಹಳ. ಅವರಿಗಾಗಿ ಸಂತೆಬೀದಿಯ ಕೊನೆಯಲ್ಲಿ ಒಂದು ಮನೆಯಿದೆ. ಹಿಂದೆ ಅದನ್ನು ಕಾಯೋ ಮನೆ ಎನ್ನುತ್ತಿದ್ದರು. ಬಂದವರ ಮಾತು ಮುಗಿಯುವ ತನಕ ಎದುರಿಗೆ ಕೂತು ಕಾಯುವುದನ್ನೇ ಕಸುಬು ಮಾಡಿಕೊಂಡವರು ಅಲ್ಲಿರುತ್ತಿದ್ದರು. ಈಗ ‘ಆಪ್ತಸಮಾಲೋಚನಾ ಕೇಂದ್ರ’ ಎಂಬ ಬೋರ್ಡು ಬಂದಿದೆ. ಜನರ ಬಾಯಲ್ಲಿ ಹಳೆಯ ಹೆಸರೇ ಇದೆ. ಅದರ ಮುಖ್ಯಸ್ಥೆ ಅಂಬುಜಾಕ್ಷಿ ಮೇಡಂ. ಅವರ ತಂದೆಯೂ ಅದೇ ಮನೆಯಲ್ಲಿ ಕಾಯುತ್ತಿದ್ದವರು. ನಾನು ಐದು ವರ್ಷ ಹೊರಗೆ ಮನಶ್ಶಾಸ್ತ್ರ ಓದಿ ಬಂದು ಅವರ ಕೈಕೆಳಗೆ ಸೇರಿಕೊಂಡೆ.

ಓದಿದ ಕಡೆ ನನ್ನ ಪ್ರಬಂಧದ ವಿಷಯವೇ ಸಮಾಲೋಚಕರ ಮಾತು. ನಲವತ್ತು ಧ್ವನಿಮುದ್ರಿಕೆಗಳನ್ನು ಮತ್ತೆ ಮತ್ತೆ ಕೇಳಿ, ಸಮಾಲೋಚಕ ಎಷ್ಟು ಪ್ರಶ್ನೆ ಕೇಳಿದ, ಎಷ್ಟು ಸಲಹೆ ಕೊಟ್ಟ, ಎಷ್ಟು ಸಲ ಬರೀ ‘ಹೂಂ’ ಅಂದ, ಎಷ್ಟು ಸೆಕೆಂಡು ಸುಮ್ಮನಿದ್ದ ಎಂದು ಗುರುತು ಹಾಕಿಕೊಂಡಿದ್ದೆ. ಅವನು ಅಮ್ಮನ ಬಗ್ಗೆ ಕೇಳಿದರೆ ಎದುರಿನವರು ಅಮ್ಮನ ಕಡೆಗೆ ಹೊರಡುತ್ತಿದ್ದರು. ಸಿಟ್ಟಿನ ಮಾತಿಗೆ ತಲೆಯಾಡಿಸಿದರೆ ಮುಂದಿನ ವಾರ ಇನ್ನಷ್ಟು ಸಿಟ್ಟು ತರುತ್ತಿದ್ದರು. ಹೊಲದಲ್ಲಿ ಕಾಲುವೆಯ ಮಡೆ ತಿರುಗಿಸಿದ ಕಡೆ ನೀರು ಹರಿಯುವ ಹಾಗೆ. ಇದನ್ನೆಲ್ಲ ಬರೆದು ಒಳ್ಳೆಯ ಅಂಕ ಪಡೆದೆ. ಆದರೆ ಅಲ್ಲಿಯೇ ನಮಗೆ ಇನ್ನೊಂದನ್ನೂ ಕಲಿಸಿದ್ದರು. ಬಂದವರು ತಡವರಿಸಿದರೆ ಅವರ ಬಾಯಿಗೆ ಬಾರದ್ದಕ್ಕೆ ನೀವೇ ಒಂದು ಹೆಸರು ಕೊಡಿ, ಅವರಿಗೆ ಹಗುರವಾಗುತ್ತದೆ ಎಂದು. ಹೊರಗೆ ಅದರಿಂದ ಅಂಥ ಅಪಾಯವಿಲ್ಲ. ತಪ್ಪು ಹೆಸರು ಕೊಟ್ಟರೆ ಅಲ್ಲಿಯ ಜನ ‘ಅಯ್ಯೋ, ಅದಲ್ಲ ಸರ್’ ಎನ್ನುತ್ತಾರೆ. ನಮ್ಮ ಊರಿನವರಿಗೆ ಹಾಗೆ ಅನ್ನಲು ಆಗುವುದಿಲ್ಲ. ಹುಟ್ಟಿದಂದಿನಿಂದ ಇದು ನನಗೂ ಗೊತ್ತಿದ್ದದ್ದೇ. ಗೊತ್ತಿದ್ದದ್ದರ ಮೇಲೆ ಐದು ವರ್ಷದ ಅಭ್ಯಾಸ ಕೂತಿತ್ತು.

“ನಿನ್ನ ಪ್ರಬಂಧ ಓದಿದೆ ಪಾಲಾಕ್ಷ,” ಎಂದಿದ್ದರು ಅಂಬುಜಾಕ್ಷಿ ಮೇಡಂ ಮೊದಲ ದಿನ. “ಸುಮ್ಮನಿರೋದನ್ನೂ ಸೆಕೆಂಡಲ್ಲಿ ಅಳೆದಿದ್ದೀಯ.”

“ಹೌದು ಮೇಡಂ.”

“ಅಳೀತಾ ಕೂತೋನು ಸುಮ್ಮನೆ ಕೂತ ಹಾಗಾಯ್ತೇನಪ್ಪಾ?”

ನಾನು ನಕ್ಕೆ. ಸುಮ್ಮನಿರುವುದು ನನಗೆ ಕಷ್ಟದ ಕೆಲಸವಲ್ಲವೆಂದು ನಂಬಿಕೊಂಡಿದ್ದೆ. ಹಾಸ್ಟೆಲಿನಲ್ಲಿ ನನ್ನನ್ನು ‘ಗೋಡೆ’ ಎಂದು ಕರೆಯುತ್ತಿದ್ದರು. ರಜೆಯ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡದೆ ಇದ್ದದ್ದುಂಟು, ಅದರಲ್ಲಿ ಒಂದು ಸುಖವೂ ಇತ್ತು. ಆದರೆ ಒಬ್ಬನೇ ಕೂತಾಗಿನ ಮೌನದಲ್ಲಿ ಇರುವುದೆಲ್ಲ ನನ್ನದೇ. ಎದುರಿಗಿರುವವರು ಮಾತಿನ ಮಧ್ಯೆ ಸುಮ್ಮನಾದರೆ ಅದರೊಳಗಿಂದ ಏನು ಹೊರಬರುತ್ತದೋ ತಿಳಿಯುವುದಿಲ್ಲ. ಕೇಳುವವನ ಕುರ್ಚಿಯಲ್ಲಿ ಕೂತ ಮೇಲೆಯೇ ನನ್ನ ಅಂಗೈ ಹೀಗೆ ಬೆವರುತ್ತದೆಂದು ನನಗೆ ಗೊತ್ತಾದದ್ದು.

ಕೆಂಚಮ್ಮ ನನ್ನ ಬಳಿ ಬಂದದ್ದು ನಾನು ಸೇರಿದ ಎಷ್ಟೋ ತಿಂಗಳ ಮೇಲೆ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು, ವಯಸ್ಸು ನಲವತ್ತೈದರ ಆಸುಪಾಸು. ಗಂಡ ಹೋದ ಮೇಲೆ ಅಣ್ಣ ರುದ್ರಪ್ಪನ ಮನೆಯಲ್ಲೇ ಇದ್ದರು. ಅವರ ಅವ್ವ ತೀರಿಕೊಂಡು ಆಗ ಹತ್ತು ತಿಂಗಳಾಗಿತ್ತು. ಹೊಟ್ಟೆಯ ಆಪರೇಷನ್ ಆದ ಎರಡನೆಯ ದಿನ ಆಸ್ಪತ್ರೆಯಲ್ಲೇ ಹೋಗಿಬಿಟ್ಟಿದ್ದರು. ಆ ದಿನದ ಯಾವುದೋ ಒಂದು ಮಾತು ಕೆಂಚಮ್ಮನ ಬಾಯಿಗೆ ಬರುತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಹಾಗೆಂದು ಮಾತಿಗೇನೂ ಬಡತನವಿರಲಿಲ್ಲ. ಆರು ವಾರ ಅವರು ನನಗೆ ಅಕ್ಕಿಯ ಹುಳದ ಬಗ್ಗೆ, ಸಾಂಬಾರಿಗೆ ಉಪ್ಪು ಸಾಲದೆಂದು ದಿನಾ ಹೇಳುವ ಹೆಡ್‌ಮೇಷ್ಟ್ರ ಬಗ್ಗೆ, ಅಣ್ಣನ ಮುಂಗೋಪದ ಬಗ್ಗೆ ಹೇಳಿದರು. “ಪಕ್ಕದ್ಮನೆ ಸಿದ್ಲಿಂಗ ಒಂದು ದಿನ ಕಾಣ್ದೆ ಅವ್ವನ ಹಪ್ಪಳ ತುಳಿದ್ಬಿಟ್ಟ ಸಾರ್. ಹನ್ನೊಂದು ವರ್ಷ ಆಯ್ತು, ನಮ್ಮಣ್ಣ ಇವತ್ತಿಗೂ ಅವ್ನ ಮಕ ನೋಡಲ್ಲ,” ಎಂದು ನಗುತ್ತ ಹೇಳಿದ್ದರು. “ಅವ್ವ ಅಂದ್ರೆ ಅವ್ನಿಗೆ ಅಷ್ಟು.”

ಏಳನೆಯ ವಾರ, ಒಂದು ಶನಿವಾರ ಮಧ್ಯಾಹ್ನ, ಆ ಮಾತು ಬಂತು.

“ಒಂದು ತೊಟ್ಟೂ ನೀರು ಕೊಡ್ಬಾರ್ದು ಅಂತ ಡಾಕ್ಟ್ರು ಹೇಳಿ ಹೋಗಿದ್ರು. ಅಣ್ಣ ಮಾತ್ರೆ ತರಕ್ಕೆ ಕೆಳಗೆ ಹೋಗಿದ್ದ. ಅವ್ವ ಕಣ್ಣು ಬಿಟ್ಟು ನನ್ನ ನೋಡಿದ್ಲು. ಕೆಂಚೀ, ನೀರು ಅಂದ್ಲು. ನಾನು ಎದ್ದು ಹೂಜಿಯಿಂದ ಲೋಟಕ್ಕೆ ಬಗ್ಗಿಸ್ದೆ ಸಾರ್. ಲೋಟ ತಗೊಂಡು...”

ಅಲ್ಲಿಗೆ ನಿಂತರು. ಇಲ್ಲದ ಲೋಟವನ್ನು ಹಿಡಿದ ಹಾಗೆ ಅವರ ಬೆರಳುಗಳು ಮಡಚಿಕೊಂಡಿದ್ದವು. ಮೇಲೆ ಫ್ಯಾನು ತಿರುಗುತ್ತಿತ್ತು. ನಾನು ಅವರ ತಲೆಯ ಹಿಂದಿನ ಗಡಿಯಾರ ನೋಡಿದೆ. ಐದು ಸೆಕೆಂಡು, ಹತ್ತು ಸೆಕೆಂಡು. ಅವರ ಗಂಟಲು ಏನನ್ನೋ ಮೇಲಕ್ಕೆ ತರುತ್ತಿದ್ದುದು ಚರ್ಮದ ಮೇಲೆಯೇ ಕಾಣುತ್ತಿತ್ತು. ಹದಿನೈದು. ಹತ್ತೊಂಬತ್ತು.

“ಕೊಟ್ರಾ?” ಎಂದೆ.

ಅಂದ ಕೂಡಲೇ ತುಂಬಿಸಿಬಿಟ್ಟೆನೆಂದು ಗೊತ್ತಾಯಿತು. ಅವರ ಬೆರಳುಗಳು ಬಿಚ್ಚಿಕೊಂಡವು. ಮುಖದ ಗೆರೆಗಳೆಲ್ಲ ಒಂದೊಂದಾಗಿ ಸಡಿಲವಾದವು. “ಹೂಂ ಸಾರ್,” ಎಂದರು, ಇಷ್ಟು ಕಟ್ಟಿದರೆ ಸಾಕು ಎಂದು ಅಂಗಡಿಯಲ್ಲಿ ಹೇಳುವ ದನಿಯಲ್ಲಿ. “ಕೊಟ್ಟೆ. ನಾನೇ ಕುಡಿಸ್ದೆ. ಅದ್ಕೇ ಅವ್ವ ಸತ್ತಿದ್ದು.” ಎದ್ದು ಸೆರಗು ಸರಿಮಾಡಿಕೊಂಡು ನನಗೆ ಕೈಮುಗಿದರು. “ಬಾಳ ಹಗುರಾಯ್ತು ಸಾರ್. ಬರೋ ಶುಕ್ರವಾರ ಅವ್ವನ ವರ್ಷದ ಎಡೆ. ನೆಂಟ್ರೆಲ್ಲ ಬಂದಿರ್ತಾರೆ. ಅಣ್ಣನ ಮುಂದೆ ಹೇಳ್ಬಿಡ್ತೀನಿ, ಅವ್ವನ್ನ ಕೊಂದೋಳು ನಾನೇ ಅಂತ.”

ಅವರು ಹೋದ ಮೇಲೆ ನಾನು ಕುರ್ಚಿಯಿಂದ ಏಳಲಿಲ್ಲ. ಹಗುರವಾಯಿತು ಎಂಬ ಮಾತೇ ಕಿವಿಯಲ್ಲಿತ್ತು. ನಮಗೆ ಕಲಿಸಿದ್ದು ಸರಿಯಾಗಿಯೇ ನಡೆದಿತ್ತು.

ಅಂಬುಜಾಕ್ಷಿ ಮೇಡಂ ಒಳಗಿನ ಕೋಣೆಯಲ್ಲಿ ಊಟದ ಡಬ್ಬಿ ತೊಳೆಯುತ್ತಿದ್ದರು. ನಡೆದದ್ದನ್ನು ಹೇಳಿದೆ. ನಲ್ಲಿ ನಿಲ್ಲಿಸಿ, “ಎಷ್ಟು ಹೊತ್ತು ಕಾದೆ?” ಎಂದರು.

“ಹತ್ತೊಂಬತ್ತು ಸೆಕೆಂಡು.”

“ನಮ್ಮಪ್ಪ ಒಬ್ಬರಿಗೆ ಮೂರು ವರ್ಷ ಕಾದಿದ್ರು.”

“ಅದು ನಿಜವೂ ಇರಬಹುದಲ್ಲ ಮೇಡಂ? ನೀರು ಕೊಟ್ಟೇ ಇರಬಹುದು.”

“ಇರಬಹುದು. ಹೇಳಬೇಕಾಗಿದ್ದೋಳು ಅವಳು.” ಮುಂದೆ ಬೈಯುತ್ತಾರೆಂದು ನಿಂತೆ. ಅವರು ಡಬ್ಬಿಯನ್ನು ಮತ್ತೆ ತೊಳೆಯತೊಡಗಿದರು. ಅದು ಆಗಲೇ ಸ್ವಚ್ಛವಾಗಿತ್ತು.

ಸೋಮವಾರ ಆಸ್ಪತ್ರೆಗೆ ಹೋದೆ. ಆ ದಿನ ವಾರ್ಡಿನಲ್ಲಿದ್ದ ಫಿಲೋಮಿನಾ ಸಿಸ್ಟರ್‌ಗೆ ನೆನಪಿತ್ತು. ಸತ್ತವರ ವಿಷಯ ಕೇಳಲು ಬಂದವನನ್ನು ಅವರು ಅನುಮಾನದಿಂದಲೇ ನೋಡಿದರು. ಕಾಯೋ ಮನೆಯವನೆಂದ ಮೇಲೆ ದನಿ ಮೆತ್ತಗಾಯಿತು. “ಹಾರ್ಟ್ ನಿಂತಿದ್ದು. ವಯಸ್ಸಾಗಿತ್ತಲ್ಲ. ನೀರಿಂದ ಹೀಗಾಯ್ತು ಅಂತ ಡಾಕ್ಟರ್ ಏನೂ ಹೇಳ್ಲಿಲ್ಲ,” ಎಂದರು. ನನಗೆ ಉಸಿರು ಬಂದ ಹಾಗಾಯಿತು. ಅಷ್ಟರಲ್ಲಿ ಅವರೇ ಸೇರಿಸಿದರು, “ಆದ್ರೆ ನಾನು ಓಡಿ ಬಂದಾಗ ಮಂಚದ ಪಕ್ಕ ಲೋಟ ಇತ್ತು. ಅದು ಖಾಲಿ ಇತ್ತು. ಅದೊಂದು ನನಗೆ ಸರಿಯಾಗಿ ಜ್ಞಾಪಕ ಇದೆ.” ಲೋಟ ತುಂಬಿದ್ದಿದ್ದರೆ ಅವರು ನೀರು ಕೊಡಲಿಲ್ಲ, ತಪ್ಪು ನನ್ನದೇ ಎಂದಾದರೂ ಖಚಿತವಾಗುತ್ತಿತ್ತು. ಖಾಲಿ ಲೋಟದಿಂದ ಏನು ಅರ್ಥ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ಅಲ್ಲಿಂದ ಶಾಲೆಗೆ ಹೋದೆ. ಕೆಂಚಮ್ಮ ಅಡುಗೆಕೋಣೆಯಲ್ಲಿ ದೊಡ್ಡ ಪಾತ್ರೆಯ ಸಾಂಬಾರು ತಿರುವುತ್ತ ಹಾಡಿಕೊಳ್ಳುತ್ತಿದ್ದರು. ಅವರು ಹಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವ್ವ ಹೋದದ್ದು ಹೃದಯ ನಿಂತು ಎಂದು ಸಿಸ್ಟರ್ ಹೇಳಿದ್ದನ್ನು ಹೇಳಿದೆ.

“ನಾನು ನೀರು ಕುಡಿಸಿದ್ಮೇಲೆ ತಾನೇ ಸಾರ್ ಅದು ನಿಂತಿದ್ದು?” ಎಂದರು, ಸೌಟು ನಿಲ್ಲಿಸದೆ. “ಬನ್ನಿ, ಒಂದೀಟು ಉಪ್ಪು ನೋಡಿ. ಹೆಡ್‌ಮೇಷ್ಟ್ರು ಇವತ್ತೂ ಗೊಣಗ್ತಾರೆ.”

ಕಿವಿ ಬೋಳಾಗಿದ್ದವು. ಓಲೆ ಎಲ್ಲಿ ಎಂದು ಕೇಳಿದೆ. “ಅಣ್ಣನ ಮಗಳಿಗೆ ಕೊಟ್ಬಿಟ್ಟೆ. ಟ್ರಂಕು, ಎರಡು ರೇಷ್ಮೆ ಸೀರೆ, ಅವನ್ನೂ ಕೊಟ್ಟೆ. ಶುಕ್ರವಾರ ಆದ್ಮೇಲೆ ನಂಗೆ ಇವೆಲ್ಲ ಯಾಕೆ ಸಾರ್?” ಎಂದು ಮುಖ ಎತ್ತಿ ನಕ್ಕರು. ಆ ನಗುವಿನಲ್ಲಿ ಸ್ವಲ್ಪವೂ ಸಂಕಟವಿರಲಿಲ್ಲ.

ಓಡುತ್ತಲೇ ಕೇಂದ್ರಕ್ಕೆ ಬಂದೆ. ಇನ್ನು ನಾಲ್ಕೇ ದಿನ. ಅಂಬುಜಾಕ್ಷಿ ಮೇಡಂ ಎಲ್ಲವನ್ನೂ ಕೇಳಿ, ಮೊದಲು ಆ ಶಾಲೆಯಲ್ಲಿ ತಮಗೆ ಪರಿಚಯವಿದ್ದ ಒಬ್ಬ ಟೀಚರಿಗೆ ಫೋನು ಮಾಡಿ, ಕೆಂಚಮ್ಮನನ್ನು ಒಬ್ಬಳೇ ಬಿಡಬೇಡಿ, ರುದ್ರಪ್ಪನ ಹೆಂಡತಿಗೂ ಹೇಳಿ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

“ಒಂದು ದಾರಿ ಇದೆ. ಎದುರು ಕೂರೋದು. ಕೇಳಿದ್ದೀಯ?”

ಕೇಳಿದ್ದೆ, ನಮ್ಮ ಅಜ್ಜಿಯ ಕಾಲದ ಸುದ್ದಿಯಾಗಿ. ಒಬ್ಬರ ಮಾತನ್ನು ತುಂಬಿಸಿದವರು ಅವರ ಎದುರಿಗೆ ಕೂತು ತಮ್ಮದೊಂದು ಮಾತನ್ನು ಅರ್ಧಕ್ಕೆ ಬಿಡಬೇಕು. ಅದನ್ನು ಅವರು ತುಂಬಿಸಬೇಕು. ಅವರು ತುಂಬಿಸಿದ್ದು ಇವರಿಗೆ ಅಂಟಿದರೆ, ಇವರು ತುಂಬಿಸಿದ್ದು ಅವರನ್ನು ಬಿಡುತ್ತದೆ.

“ಸುಲಭ ಅಂದ್ಕೋಬೇಡ,” ಎಂದರು ಮೇಡಂ. “ಸೈಕಲ್ ಶಾಪಿನ ದಾಸಪ್ಪ ಇದಾನಲ್ಲ, ಅವನು ಮೊದಲು ಮೇಷ್ಟ್ರಾಗಿದ್ದ. ಒಂದು ಹುಡುಗಿ ಮಾತು ತುಂಬಿಸಿ, ಬಿಡಿಸೋಕೆ ಅಂತ ಅವಳೆದುರಿಗೆ ಕೂತ. ‘ನಾನು ಮೇಷ್ಟ್ರಾಗಿದ್ದು...’ ಅಂದ. ಆ ಮಗು ‘ನಮ್ಮನ್ನ ಹೊಡೆಯೋಕೆ’ ಅಂತು. ಮಾರನೇ ದಿನದಿಂದ ಅವನು ಶಾಲೆ ಮೆಟ್ಟಿಲು ಹತ್ತಲಿಲ್ಲ. ಹೊಡೆಯೋದಕ್ಕೇ ಆಗಿದ್ದು ಅಂತ ಅವನಿಗೇ ಗೊತ್ತಾಗಿಹೋಗಿತ್ತಲ್ಲ.”

“ನಾನು ಕೂರ್ತೀನಿ ಮೇಡಂ.”

“ಕೂರು. ಆದ್ರೆ ಕೊನೆ ನಿನಗೆ ಗೊತ್ತಿರೋ ಮಾತು ನಡೆಯಲ್ಲ. ನಿನಗೇ ಗೊತ್ತಿಲ್ಲದ್ದಿರಬೇಕು.”

ಮೂರು ದಿನ ಅಂಥದೊಂದು ಮಾತಿಗಾಗಿ ಹುಡುಕಾಡಿದೆ. ಬರೆದುಕೊಂಡು ಹೋಗಿ ಮೇಡಂ ಮುಂದೆ ಓದುತ್ತಿದ್ದೆ. ‘ನಾನು ಈ ಕೆಲಸಕ್ಕೆ ಬಂದದ್ದು...’ ಎಂದರೆ, “ಇದರ ಕೊನೆ ಸಂದರ್ಶನದಲ್ಲೇ ಹೇಳಿದ್ದೀಯ,” ಎನ್ನುತ್ತಿದ್ದರು. ‘ನನ್ನ ತಂದೆಯ ಜೊತೆ ನಾನು ಮಾತಾಡದೆ ಇದ್ದದ್ದು...’ ಎಂದರೆ, “ಅಳುಬುರುಕ ಮಾತು. ಅವಳಿಗೆ ಪಾಪ ಅನ್ನಿಸಲಿ ಅಂತ ಬರೆದದ್ದು.” ‘ನಿಮ್ಮನ್ನು ನೋಡಿದಾಗ ನನಗೆ...’ ಎಂದಾಗ ಅವರು ಕನ್ನಡಕ ತೆಗೆದು, “ನಾಟಕ ಕಂಪನಿಗೆ ಸೇರ್ಕೋ,” ಎಂದರು. ನನ್ನ ಬಗ್ಗೆ ನನಗೆ ಗೊತ್ತಿಲ್ಲದ್ದು ಎಷ್ಟೋ ಇದೆಯೆಂದು ನಾನು ಯಾವಾಗಲೂ ಹೇಳಿಕೊಳ್ಳುತ್ತಿದ್ದೆ. ಹುಡುಕಹೋದರೆ ಪ್ರತಿಯೊಂದಕ್ಕೂ ಒಂದು ಚಂದದ ಕೊನೆ ಆಗಲೇ ಸಿದ್ಧವಾಗಿತ್ತು. ಬುಧವಾರ ಸಂಜೆ ಕೈಚೆಲ್ಲಿ, ಬರೆದದ್ದನ್ನೆಲ್ಲ ಹರಿದೆ. “ಆವತ್ತು ಯಾಕೆ ಬಾಯಿ ಬಿಟ್ಟೆ ಅಂತಲೇ ನನಗೆ ಗೊತ್ತಿಲ್ಲ ಮೇಡಂ,” ಎಂದೆ. ಅವರು ನನ್ನನ್ನೇ ನೋಡಿ, ಬಾಗಿಲಿಗೆ ಬೀಗ ಹಾಕಲು ಎದ್ದರು.

ಗುರುವಾರ ಮಧ್ಯಾಹ್ನ ಅಡುಗೆ ಮುಗಿಸಿ ಕೆಂಚಮ್ಮ ಬಂದರು. ಟೀಚರು ಬಾಗಿಲವರೆಗೆ ಬಿಟ್ಟುಹೋದರು. ಎದುರು ಕೂರೋಣ ಎಂದಾಗ ಕೆಂಚಮ್ಮನ ನಗು ನಿಂತಿತು.

“ಬ್ಯಾಡ ಸಾರ್. ನೀವಿನ್ನೂ ಹುಡುಗ್ರು. ನನ್ನ ಬಾಯಿ ಸರಿ ಇಲ್ಲ. ಏನಾರ ಅಂದ್ಬಿಟ್ರೆ ಜೀವಮಾನ ಹೊತ್ಕೊಂಡು ತಿರುಗ್ತೀರ.”

“ಹೊತ್ಕೋತೀನಿ.”

“ನಂಗೀಗ ಹಗುರ ಐತಲ್ಲ ಸಾರ್. ಮತ್ತೆ ಭಾರ ಮಾಡ್ತೀರಾ?”

ನಿಮ್ಮ ಒಳ್ಳೆಯದಕ್ಕೆ ಎಂದು ಹೇಳಬಹುದಿತ್ತು. “ಮಾಡ್ತೀನಿ ಕೆಂಚಮ್ಮ. ಭಾರ ಆಗಬಹುದು. ಮುಂಚಿಗಿಂತ ಹೆಚ್ಚೂ ಆಗಬಹುದು,” ಎಂದೆ. ಖಾಲಿ ಲೋಟ ನನ್ನ ಕಣ್ಣ ಮುಂದೆಯೇ ಇತ್ತು.

ಅವರು ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. “ಒಂದು ಮಾತು ಹೇಳ್ತೀನಿ,” ಎಂದರು ಕೊನೆಗೆ. “ಹೂಜಿಯಿಂದ ಬಗ್ಗಿಸಿದ್ದು ನಂಗೆ ಕಾಣ್ತದೆ ಸಾರ್. ನೀರು ಬಿದ್ದ ಸದ್ದೂ ಕೇಳ್ತದೆ. ಅವ್ವಂಗೆ ಕುಡಿಸಿದ್ದು ಗೊತ್ತು, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಅವಳು ನುಂಗಿದ್ದು ಕಾಣಲ್ಲ. ಎಷ್ಟು ಸಲ ನೋಡಿದ್ರೂ ಅವಳ ಗಂಟ್ಲು ಅಲ್ಲಾಡಲ್ಲ.” ಆಮೇಲೆ “ಕೂತ್ಕಳಿ,” ಎಂದು ತಾವೇ ಎದ್ದು ನನ್ನ ಕುರ್ಚಿಗೆ ಬಂದರು. ನಾನು ಅವರ ಕುರ್ಚಿಯಲ್ಲಿ ಕೂತೆ. ಅಲ್ಲಿಂದ ನೋಡಿದರೆ ಗಡಿಯಾರ ಕಾಣುವುದಿಲ್ಲ.

“ನೀವು ಲೋಟ ಹಿಡಿದು ಸುಮ್ಮನಾದಿರಿ,” ಎಂದೆ. “ಆಗ ನಾನು ಬಾಯಿ ಬಿಟ್ಟದ್ದು...”

ನಿಲ್ಲಿಸಿದೆ. ನಿಲ್ಲಿಸಿದೆನೆಂದಲ್ಲ, ಮುಂದೆ ನನ್ನಲ್ಲಿ ಏನೂ ಇರಲಿಲ್ಲ. ಕೆಂಚಮ್ಮ ನನ್ನನ್ನು ನೋಡಿದರು. ಬೇಯುತ್ತಿರುವ ಅನ್ನದ ಒಂದು ಅಗುಳನ್ನು ಹಿಸುಕಿ ನೋಡುವವರ ನೋಟ ಅದು. ಏನು ಬೇಕಾದರೂ ಅನ್ನಬಹುದಿತ್ತು. ದಡ್ಡತನಕ್ಕೆ ಎನ್ನಬಹುದಿತ್ತು, ಸೊಕ್ಕಿಗೆ ಎನ್ನಬಹುದಿತ್ತು.

“ಮುಂದೆ ಬರೋದನ್ನ ಕೇಳೋ ಧೈರ್ಯ ನಿಮಗಿರ್ಲಿಲ್ಲ,” ಎಂದರು ಕೆಂಚಮ್ಮ. “ಅದ್ಕೆ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಮಾತು ನನ್ನೊಳಗೆ ಇಳಿದು ತನ್ನ ಜಾಗ ಮೊದಲೇ ಗೊತ್ತಿದ್ದ ಹಾಗೆ ಕೂತುಕೊಂಡಿತು. ನನ್ನ ನಲವತ್ತು ಧ್ವನಿಮುದ್ರಿಕೆಗಳೂ ಗೋಡೆಯೆಂಬ ಹೆಸರೂ ನೆನಪಾಗಿ, ನಾನು ಧೈರ್ಯವಿಲ್ಲದ ಮನುಷ್ಯನೆಂದು ಹೆಸರು, ಊರು, ವಯಸ್ಸು ತಿಳಿದಿರುವಷ್ಟೇ ಸರಳವಾಗಿ ತಿಳಿಯಿತು. ಅದೇ ಹೊತ್ತಿಗೆ ಎದುರಿಗೆ ಕೆಂಚಮ್ಮನ ಮುಖ ಬಿಗಿಯುತ್ತ ಬಂತು. ಹೋಗಿದ್ದ ಗೆರೆಗಳು ಮರಳಿದವು. ಬೆರಳುಗಳು ಮಡಚಿಕೊಂಡವು.

“ಅಯ್ಯೋ,” ಎಂದರು. “ಲೋಟ ಕೈಲೇ ಐತೆ.”

ಎದ್ದು ಕುರ್ಚಿ ಬದಲಿಸಿಕೊಂಡೆವು. ಈಗ ಕೇಳುವ ಧೈರ್ಯವಿಲ್ಲದವನು ಕೇಳುವವನ ಕುರ್ಚಿಯಲ್ಲಿದ್ದ. ಅವರು ಮೊದಲಿನಿಂದ ಶುರುಮಾಡಿದರು. ಡಾಕ್ಟರು ಹೇಳಿಹೋದದ್ದು, ಅಣ್ಣ ಕೆಳಗಿಳಿದದ್ದು, ಕೆಂಚೀ ನೀರು ಎಂದದ್ದು. “ಲೋಟ ತಗೊಂಡು...”

ನಾನು ಗಡಿಯಾರದ ಕಡೆ ನೋಡಲಿಲ್ಲ. ನೋಡಿದ್ದರೂ ಪ್ರಯೋಜನವಿರಲಿಲ್ಲ. ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತ ಆ ಕಡೆ ಹೋದಳು, ಮಾರಿ ಮುಗಿಸಿ ಈ ಕಡೆ ಬಂದಳು. ಎದ್ದು ಓಡಿಹೋಗಬೇಕೆನಿಸುತ್ತಿತ್ತು. ಕೊಟ್ಟೆ ಎಂದೇ ಅಂದುಬಿಟ್ಟರೆ? ಆಗ ಆ ಮಾತು ಅವರದೇ, ಬಿಡಿಸಲು ಯಾರಿಂದಲೂ ಆಗದು. ನನ್ನ ಬಾಯಲ್ಲಿ ಮಾತುಗಳು ಸಾಲುಗಟ್ಟಿ ನಿಂತಿದ್ದವು, ಎಲ್ಲವೂ ಒಳ್ಳೆಯವು, ಎಲ್ಲವೂ ಸಮಾಧಾನದವು. ಅವು ಯಾರ ಸಮಾಧಾನಕ್ಕೆಂದು ಈಗ ನನಗೆ ಗೊತ್ತಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

“...ನಾನು ಕುಡಿದೆ,” ಎಂದರು ಕೆಂಚಮ್ಮ.

ನನಗೆ ತಕ್ಷಣ ಅರ್ಥವಾಗಲಿಲ್ಲ.

“ನಾನೇ ಕುಡಿದ್ಬಿಟ್ಟೆ ಸಾರ್. ಎರಡು ದಿನದಿಂದ ಅಲ್ಲೇ ಕೂತಿದ್ದೆ, ಬಾಯಿ ಒಣಗಿತ್ತು. ಅವಳಿಗೆ ಕೊಡೋ ಹಂಗಿಲ್ಲ. ಚೆಲ್ಲಕ್ಕೆ ಮನಸ್ಸು ಬರ್ಲಿಲ್ಲ. ಅವಳು ನೋಡ್ತಾನೇ ಇದ್ಲು. ಅವಳು ನೋಡ್ತಿದ್ದಂಗೇ ಗಟಗಟ ಕುಡಿದೆ.” ದನಿ ತೀರ ಇಳಿಯಿತು. “ತಣ್ಣಗಿತ್ತು. ಬಾಳ ರುಚಿ ಇತ್ತು ಸಾರ್.”

ಅವರು ಅಳಲು ಶುರುಮಾಡಿದರು. ಹೆಗಲು ಅಲ್ಲಾಡುವ, ಮೂಗು ಸುರಿಯುವ, ಚಂದವಿಲ್ಲದ ಅಳು. ಅದನ್ನು ಕೇಳುವ ಧೈರ್ಯವೂ ನನಗಿರಲಿಲ್ಲ. ಕೇಳಿದೆ. ಎಷ್ಟೋ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಇದನ್ನ ಅಣ್ಣಂಗೆ ಹೇಳ್ಬೇಕಾ?” ಎಂದರು.

ಇದು ಅರ್ಧ ಮಾತಲ್ಲ, ಪೂರ್ತಿ ಪ್ರಶ್ನೆ. ಉತ್ತರ ಕೊಡಲು ನಮ್ಮ ಊರಿನಲ್ಲಿ ಯಾವ ಅಡ್ಡಿಯೂ ಇಲ್ಲ. ಆದರೂ ನನ್ನ ತಲೆ ಹೌದೆನ್ನುವ ಹಾಗೆ ಒಂದಿಷ್ಟು ಬಾಗಿದರೆ ಅವರು ಆ ಕಡೆ ಹೋಗುತ್ತಾರೆ, ಹುಬ್ಬು ಗಂಟಿಕ್ಕಿದರೆ ಈ ಕಡೆ. “ನನಗೆ ಗೊತ್ತಿಲ್ಲ ಕೆಂಚಮ್ಮ,” ಎಂದೆ.

“ಅಷ್ಟು ವರ್ಷ ಓದಿ ಇಷ್ಟೇನಾ?” ಎಂದರು. ಅಳುವಿನ ನಡುವೆಯೇ ಒಂದು ನಗು ಬಂತು, ಶಾಲೆಯ ಅಡುಗೆಕೋಣೆಯಲ್ಲಿ ಕಂಡಿದ್ದ ನಗುವಲ್ಲ. “ಎಡೆಗೆ ಬನ್ನಿ ನಾಳೆ. ಊಟಕ್ಕೆ.”

ಶುಕ್ರವಾರ ಹೋಗದೆ ಇರಲು ನನಗೆ ಹತ್ತು ಕಾರಣಗಳಿದ್ದವು. ಮಧ್ಯಾಹ್ನ ಒಂದು ಗಂಟೆಗೆ ರುದ್ರಪ್ಪನ ಮನೆಯ ಮುಂದಿದ್ದೆ. ಶಾಮಿಯಾನದ ಕೆಳಗೆ ಪಂಕ್ತಿ ಕೂತಿತ್ತು. ಒಳಗೆ ಅವ್ವನ ಫೋಟೋದ ಮುಂದೆ ಎಡೆ ಇಟ್ಟು ಮುಗಿದಿತ್ತು. ಯಾರೋ ನನ್ನನ್ನು ಕೈಹಿಡಿದು ಕೂರಿಸಿದರು. ಕೆಂಚಮ್ಮ ಅಡುಗೆಮನೆಯ ಬಾಗಿಲಲ್ಲಿ ಅನ್ನದ ಬುಟ್ಟಿ ಹಿಡಿದು ನಿಂತಿದ್ದರು. ಕಣ್ಣು ಊದಿಕೊಂಡಿದ್ದವು. ನನ್ನನ್ನು ನೋಡಿದರು, ಏನೂ ಸನ್ನೆ ಮಾಡಲಿಲ್ಲ. ಹೇಳಿದ್ದಾರೋ ಇಲ್ಲವೋ ತಿಳಿಯಲಿಲ್ಲ.

ರುದ್ರಪ್ಪ ತಾಮ್ರದ ತಂಬಿಗೆ ಹಿಡಿದು ಪಂಕ್ತಿಗೆ ನೀರು ಹಾಕುತ್ತ ಬಂದರು. ಎತ್ತರದ ಆಳು, ಬಿಳಿ ಮೀಸೆ. ನನ್ನ ಎಲೆಯ ಮುಂದೆ ನಿಂತರು. “ಕಾಯೋ ಮನೆಯೋರಾ?” ಎಂದರು. ಹೌದೆಂದೆ.

“ಬೆಳಿಗ್ಗೆ ಹೇಳಿದ್ಲು,” ಎಂದರು. “ಅವ್ವ ಸಾಯೋ ಹೊತ್ನಲ್ಲಿ ಇವಳು ಆ ನೀರ್‍ನ...”

ಅಲ್ಲಿಗೆ ಅವರ ಮಾತು ನಿಂತಿತು. ತಂಬಿಗೆ ಅರ್ಧ ಬಗ್ಗಿದ ಹಾಗೇ ಇತ್ತು. ಪಂಕ್ತಿಯ ಕೈಗಳೆಲ್ಲ ಎಲೆಯ ಮೇಲೆ ನಿಂತವು. ಒಬ್ಬರೂ ತುತ್ತು ಎತ್ತಲಿಲ್ಲ. ಒಂದು ಹಸುಗೂಸಿನ ಬಾಯಿಗೆ ಅದರ ತಾಯಿ ಮೆಲ್ಲಗೆ ಬೆರಳಿಟ್ಟಳು. ಬಾಗಿಲಲ್ಲಿ ಕೆಂಚಮ್ಮ ಬುಟ್ಟಿಯನ್ನು ಎದೆಗೊತ್ತಿಕೊಂಡಿದ್ದರು. ಅನ್ನದ ಮೇಲಿನ ಹಬೆ ಹೋಯಿತು, ತುಪ್ಪ ಹೆಪ್ಪುಗಟ್ಟಿತು, ನಾವೆಲ್ಲ ಕಾದೆವು.

“...ಇವಳಾದ್ರೂ ಕುಡಿದ್ಲಲ್ಲ,” ಎಂದರು ರುದ್ರಪ್ಪ.

ತಂಗಿಯ ಕಡೆ ನೋಡದೆ ನನ್ನ ಲೋಟ ತುಂಬಿಸಿ, ಮುಂದಿನ ಎಲೆಗೆ ನಡೆದರು.